ಮೂರು ನಿಮಿಷ ಗೆದ್ದ ಗೌಹರ್ ಜಾನ್

ಕಳೆದ ವರ್ಷ ಒಂದು ಕಂಪನಿಯ ಸಂದರ್ಶನಕ್ಕೆ ಕೂತಿದ್ದೆ. ಕೂತಿದ್ದೆ ಅಂದರೆ ನಮ್ಮ ಮನೆಯಲ್ಲೇ, ಲ್ಯಾಪ್‌ಟಾಪ್ ಎದುರು. ಆ ಕಡೆ ಯಾರೂ ಇರಲಿಲ್ಲ. ಪರದೆಯ ಮೇಲೆ ಒಂದು ಪ್ರಶ್ನೆ, ಅದರ ಕೆಳಗೆ ಹಿಂದಕ್ಕೆ ಎಣಿಸುವ ಗಡಿಯಾರ. ಮೂರು ನಿಮಿಷದಲ್ಲಿ ನನ್ನ ಪರಿಚಯ ಹೇಳಿ ರೆಕಾರ್ಡ್ ಮಾಡಬೇಕಿತ್ತು. ಅದನ್ನು ಯಾರೋ ಯಾವಾಗಲೋ ನೋಡುತ್ತಾರಂತೆ. ಹೆಸರು ಹೇಳಿದೆ, ಊರು ಮೈಸೂರು ಅಂದೆ, ಬಿ.ಕಾಂ. ಅಂದೆ. ಆಮೇಲೆ ಗಂಟಲು ಕಟ್ಟಿತು. ತಲೆಯಾಡಿಸುವ ಒಂದು ಮುಖ ಎದುರಿಗೆ ಇಲ್ಲದಿದ್ದರೆ ನನಗೆ ಮಾತೇ ಹೊರಡುವುದಿಲ್ಲ ಅಂತ ಅವತ್ತು ಗೊತ್ತಾಯಿತು. ಉಳಿದ ಎರಡು ನಿಮಿಷ ಗಡಿಯಾರ ನೋಡುತ್ತಾ ಕಳೆದೆ. ನಾಲ್ಕು ದಿನ ಬಿಟ್ಟು ವಿಷಾದದ ಇಮೇಲ್ ಬಂತು.

ಆ ಭಾನುವಾರ ಮಾವನ ಮನೆಗೆ ಹೋದೆ. ನಮ್ಮ ಮಾವನಿಗೆ ಪ್ಲೇಟುಗಳ ಹುಚ್ಚು. ಗೋಡೆಯುದ್ದದ ಕಪಾಟಿನಲ್ಲಿ ಮಲ್ಲಿಕಾರ್ಜುನ ಮನ್ಸೂರ್, ಭೀಮಸೇನ ಜೋಶಿ ಒಂದು ಕಡೆ, ಲೂಯಿ ಆರ್ಮ್‌ಸ್ಟ್ರಾಂಗ್, ಡ್ಯೂಕ್ ಎಲಿಂಗ್ಟನ್ ಇನ್ನೊಂದು ಕಡೆ. ನಡುವೆ ರಾಜ್‌ಕುಮಾರ್ ಚಿತ್ರಗಳ ಹಾಡು. ಎಲ್ಲವೂ ಪುಸ್ತಕದ ಹಾಗೆ ನಿಂತೇ ಇರುತ್ತವೆ. ಒಂದರ ಮೇಲೊಂದು ಮಲಗಿಸಿದರೆ ಬಾಗುತ್ತವಂತೆ. ನನ್ನ ಮುಖ ನೋಡಿ ಮಾವ ಏನೂ ಕೇಳಲಿಲ್ಲ. ಕೆಳಗಿನ ಡ್ರಾಯರ್‌ನಿಂದ ಒಂದು ಭಾರದ ಕರಿ ಪ್ಲೇಟು ತೆಗೆದು, ಮೆತ್ತನೆ ಬಟ್ಟೆಯಿಂದ ಒರೆಸಿ, ಗ್ರಾಮಫೋನಿಗೆ ಕೀ ಕೊಟ್ಟು, ಹೊಸ ಮುಳ್ಳು ಹಾಕಿ ಇಟ್ಟರು. ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು. ಅದರ ಒಳಗಿಂದ ಒಂದು ಹೆಣ್ಣುದನಿ ಮೇಲೆದ್ದು ಬಂತು. ಸುಮಾರು ಮೂರು ನಿಮಿಷ. ಹಾಡು ಮುಗಿದ ಕೂಡಲೇ ಅದೇ ದನಿ ಇಂಗ್ಲಿಷಿನಲ್ಲಿ, ಒಂಚೂರೂ ಅಳುಕಿಲ್ಲದೆ, ತನ್ನ ಹೆಸರು ಹೇಳಿತು. ಗೌಹರ್ ಜಾನ್.

ಅವತ್ತಿನಿಂದ ನಾನು ಈ ಹೆಣ್ಣುಮಗಳ ಬೆನ್ನು ಬಿದ್ದೆ.

ಏಂಜಲೀನಾ ಗೌಹರ್ ಆದದ್ದು

ಗೌಹರ್ ಜಾನ್ ಹುಟ್ಟಿದ್ದು 1873ರ ಜೂನ್ 26ರಂದು, ಇಂದಿನ ಉತ್ತರ ಪ್ರದೇಶದ ಆಜಂಗಢದಲ್ಲಿ. ಆಗ ಅವರ ಹೆಸರು ಏಂಜಲೀನಾ ಯೋವಾರ್ಡ್. ತಂದೆ ರಾಬರ್ಟ್ ಆರ್ಮೇನಿಯನ್ ಮೂಲದವರು, ತಾಯಿ ವಿಕ್ಟೋರಿಯಾ ಭಾರತದಲ್ಲೇ ಹುಟ್ಟಿ ಬೆಳೆದವರು. ಮಗುವಿಗೆ ಆರು ವರ್ಷವಾಗುವಷ್ಟರಲ್ಲಿ ದಾಂಪತ್ಯ ಮುರಿದುಬಿತ್ತು. ಕೈಯಲ್ಲಿ ಕಾಸಿಲ್ಲದ ತಾಯಿ ಮಗಳನ್ನು ಕಟ್ಟಿಕೊಂಡು ಬನಾರಸ್ ಸೇರಿದರು. ಅಲ್ಲಿ ಇಸ್ಲಾಂ ಧರ್ಮ ಸ್ವೀಕರಿಸಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಆದಳು. ಗೌಹರ್ ಅಂದರೆ ರತ್ನ.

ತಾಯಿಗೆ ಸಂಗೀತ, ನೃತ್ಯ ಗೊತ್ತಿತ್ತು, ಉರ್ದುವಿನಲ್ಲಿ ಕವಿತೆ ಬರೆಯುತ್ತಿದ್ದರು. ಆ ವಿದ್ಯೆಯೇ ಅನ್ನ ಕೊಟ್ಟಿತು. 1883ರಲ್ಲಿ ತಾಯಿ, ಮಗಳು ಕಲ್ಕತ್ತೆಗೆ ಹೋದರು. ಬ್ರಿಟಿಷರು ರಾಜ್ಯ ಕಿತ್ತುಕೊಂಡ ಮೇಲೆ ಅವಧದ ನವಾಬ ವಾಜಿದ್ ಅಲಿ ಶಾ ಅಲ್ಲಿನ ಮಟಿಯಾಬುರ್ಜ್‌ನಲ್ಲಿ ನೆಲೆಸಿದ್ದರು. ಅವರ ಸುತ್ತ ಲಖನೌದ ಗಾಯಕರು, ನರ್ತಕರು ತುಂಬಿದ್ದರು. ಗೌಹರ್‌ಗೆ ಗುರುಗಳ ಬರ ಇರಲಿಲ್ಲ. ಬಿಂದಾದೀನ್ ಮಹಾರಾಜರಿಂದ ಕಥಕ್ ಕಲಿತರು. ಬೇರೆ ಬೇರೆ ಉಸ್ತಾದರಿಂದ ಖಯಾಲ್, ಠುಮ್ರಿ, ಧ್ರುಪದ ಕಲಿತರು, ಬಂಗಾಳಿ ಕೀರ್ತನೆಯನ್ನೂ ಬಿಡಲಿಲ್ಲ. 1887ರಲ್ಲಿ ದರ್ಭಾಂಗ ಮಹಾರಾಜರ ಎದುರು ಮೊದಲ ಕಛೇರಿ. ಅವರಿಗೆ ಆಗ ಹದಿನಾಲ್ಕು. ಹಾಡು ಕೇಳಿದ ಮಹಾರಾಜರು ಅವರನ್ನು ಆಸ್ಥಾನದ ಕಲಾವಿದೆಯಾಗಿಯೇ ನೇಮಿಸಿಕೊಂಡರು.

ನಾವು ಪದವಿ ಮುಗಿದ ಮೇಲೆ ಕೌಶಲ ಕಲಿಯಲು ಓಡಾಡುತ್ತೇವೆ. ಗೌಹರ್‌ಗೆ ಅಷ್ಟು ಬಿಡುವು ಇರಲಿಲ್ಲ. ಕಲಿತದ್ದೇ ಹೊಟ್ಟೆಪಾಡು.

ಕಹಳೆಯ ಎದುರು

1902ರ ನವೆಂಬರ್. ಲಂಡನ್ನಿನ ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕದ ತಂತ್ರಜ್ಞ ಕಲ್ಕತ್ತೆಗೆ ಬಂದಿದ್ದರು. ಹೋಟೆಲಿನ ಕೋಣೆಯೇ ಅವರ ಸ್ಟುಡಿಯೊ. ಇಲ್ಲಿನವರ ದನಿ ಹಿಡಿದು, ಪ್ಲೇಟು ಮಾಡಿ, ಇಲ್ಲಿನವರಿಗೇ ಮಾರಬೇಕೆಂಬುದು ಕಂಪನಿಯ ಲೆಕ್ಕ.

ಆದರೆ ಹಾಡುವವರು ಸಿಗಬೇಕಲ್ಲ? ದೊಡ್ಡ ಉಸ್ತಾದರು ಅನೇಕರು ಹಿಂಜರಿದರು. ಯಂತ್ರಕ್ಕೆ ಹಾಡಿದರೆ ಕಂಠ ಹೋಗುತ್ತದೆ ಅಂತ ಕೆಲವರ ಭಯ. ಗುರುವಿನಿಂದ ಗುಟ್ಟಾಗಿ ಬಂದ ವಿದ್ಯೆಯನ್ನು ಯಾರ್ಯಾರೋ ಕದಿಯುತ್ತಾರೆ, ಎಲ್ಲೆಲ್ಲೋ ಹಾಕಿ ಕೇಳುತ್ತಾರೆ ಅಂತ ಇನ್ನು ಕೆಲವರ ಆತಂಕ. ಗಂಟೆಗಟ್ಟಲೆ ಅರಳುವ ರಾಗವನ್ನು ಮೂರು ನಿಮಿಷಕ್ಕೆ ಕತ್ತರಿಸುವುದು ಅವಮಾನ ಅಂದವರೂ ಇದ್ದರು. ಮರ್ಯಾದಸ್ಥರೆನಿಸಿಕೊಂಡ ಮನೆತನದ ಹೆಣ್ಣುಮಕ್ಕಳು ಹಾಡುವ ಮಾತೇ ಇರಲಿಲ್ಲ. ಮುಂದೆ ಬಂದವರು ಬಹುಪಾಲು ಸಮಾಜ ದೂರ ಇಟ್ಟಿದ್ದ ತವಾಯಫ್ ಸಮುದಾಯದ ಹೆಂಗಸರು. ಅವರಲ್ಲಿ ಗೌಹರ್ ಎಲ್ಲರಿಗಿಂತ ಹೆಸರಾದರು.

ಹಾಡಲು ಅವರು ಬಂದದ್ದು ಪರಿವಾರ ಸಮೇತ, ಮೈತುಂಬ ಒಡವೆ ಹಾಕಿಕೊಂಡು. ಯುರೋಪಿನ ದೊಡ್ಡ ಗಾಯಕಿಯರ ಠೀವಿ ಕಂಡಿದ್ದ ಗೈಸ್‌ಬರ್ಗ್‌ಗೇ ಈ ಠೀವಿ ಅಚ್ಚರಿ ತಂದಿತ್ತು. ಒಂದು ಸಲದ ಧ್ವನಿಮುದ್ರಣಕ್ಕೆ ಗೌಹರ್ 3,000 ರೂಪಾಯಿ ಕೇಳುತ್ತಿದ್ದರಂತೆ. ಒಂದು ಸವರನ್ ಚಿನ್ನದ ನಾಣ್ಯಕ್ಕೆ 15 ರೂಪಾಯಿ ಇದ್ದ ಕಾಲ ಅದು. ಅಂದರೆ 200 ಸವರನ್. ಕೆಲಸ ಶುರುವಾಗುವ ಮೊದಲೇ ತನ್ನ ಬೆಲೆ ತಾನೇ ಹೇಳುವ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ?

ಆಗ ಮೈಕ್ ಇರಲಿಲ್ಲ. ಮೈಕ್ ಬಳಸುವ ಧ್ವನಿಮುದ್ರಣ ಬಂದದ್ದು 1925ರಲ್ಲಿ. ಅಲ್ಲಿಯವರೆಗೆ ಗೋಡೆಯಿಂದ ಚಾಚಿದ ದೊಡ್ಡ ಕಹಳೆಯೊಳಗೆ ಮುಖ ಇಟ್ಟು ಗಟ್ಟಿಯಾಗಿ ಹಾಡಬೇಕು. ದನಿಯ ಒತ್ತಡಕ್ಕೆ ಕಹಳೆಯ ತುದಿಯ ತೆಳು ಪರದೆ ನಡುಗುತ್ತದೆ, ಆ ನಡುಕಕ್ಕೆ ಸೂಜಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತದೆ. ತಲೆ ಅಲ್ಲಾಡಿಸುವಂತಿಲ್ಲ, ಕೈ ಎತ್ತಿ ಭಾವ ತೋರಿಸುವಂತಿಲ್ಲ. ವಾಹ್ ಎನ್ನುವ ರಸಿಕರೂ ಎದುರಿಗಿಲ್ಲ. ತಪ್ಪಿದರೆ ತಿದ್ದಲಾಗದು, ಹೊಸ ಮೇಣದ ತಟ್ಟೆ ಇಟ್ಟು ಮೊದಲಿನಿಂದ ಹಾಡಬೇಕು. ಇದನ್ನು ಮಾವ ವಿವರಿಸುವಾಗ ನನಗೆ ನನ್ನ ಲ್ಯಾಪ್‌ಟಾಪ್ ನೆನಪಾಯಿತು.

ಕೊನೆಯಲ್ಲಿ ಹೆಸರು ಹೇಳುತ್ತಿದ್ದುದು ಜಂಬಕ್ಕಲ್ಲ. ಆ ಮೇಣದ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗುತ್ತಿದ್ದವು. ಅಲ್ಲಿನ ಕಾರ್ಖಾನೆಯವರಿಗೆ ನಮ್ಮ ಭಾಷೆ ಬಾರದು. ಯಾವ ಪ್ಲೇಟು ಯಾರದು ಅಂತ ಗೊತ್ತಾಗಲು ಕಲಾವಿದರೇ ಹೆಸರು ಹೇಳುವ ಏರ್ಪಾಡು. ಮೊದಲ ಪ್ಲೇಟುಗಳು ಅಚ್ಚಾಗಿ ಹಿಂದಿರುಗಿದ್ದು 1903ರಲ್ಲಿ. ಪ್ಲೇಟಿಗೆ ಬೇಕಾದ ಮುಖ್ಯ ವಸ್ತು ಅರಗು. ಹೆಚ್ಚಾಗಿ ನಮ್ಮ ದೇಶದ ಕಾಡಿನಲ್ಲೇ ಹುಳುಗಳಿಂದ ಸಿಗುತ್ತಿದ್ದ ಅರಗು ಹಡಗೇರಿ ಹೋಗಿ, ಹಾಡಾಗಿ ತಿರುಗಿ ಬರುತ್ತಿತ್ತು. ಮಾವ ಈ ಪ್ಲೇಟುಗಳನ್ನು ಸ್ಪಿರಿಟ್‌ನಿಂದ ಒರೆಸದೆ ಇರುವುದೂ ಇದಕ್ಕೇ, ಅರಗು ಕರಗಿಬಿಡುತ್ತದೆ. ಕೈಜಾರಿ ಬಿದ್ದರೆ ಬಳೆಯ ಹಾಗೆ ಚೂರು. ನಾವು ಇಂದು ವಿನೈಲ್ ಎನ್ನುವ, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಯುವ ಎಲ್‌ಪಿ ಬಂದದ್ದು 1948ರಲ್ಲಿ. ಗೌಹರ್ ಅದನ್ನು ನೋಡಲೇ ಇಲ್ಲ.

ಅವರಿಗೆ ಸಿಕ್ಕಿದ್ದು ಆ ಮೂರು ನಿಮಿಷ. ಅದನ್ನು ಅವರು ಗೋಳಾಡುತ್ತಾ ಕಳೆಯಲಿಲ್ಲ. ಆಲಾಪ ಹಿಗ್ಗಿಸದೆ ರಾಗದ ಮುಖ್ಯ ಸ್ವರಗಳಿಗೆ ನೇರ ಬಂದರು. ಬಂದಿಶ್ ಹಿಡಿದು, ಚುರುಕಾದ ತಾನ್ ಹಾಕಿ, ಗಡುವಿನ ಒಳಗೆ ಮುಗಿಸಿ ಹೆಸರು ಹೇಳಿದರು. ಕೇಳಿದವರಿಗೆ ಅರ್ಧ ಊಟ ಮಾಡಿದ ಹಾಗೆ ಅನ್ನಿಸುವುದಿಲ್ಲ. 1902ರಿಂದ 1920ರವರೆಗೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಅವರ ಸುಮಾರು 600 ಧ್ವನಿಮುದ್ರಿಕೆಗಳು ಬಂದವು. ಹಿಂದುಸ್ತಾನಿ ಸಂಗೀತಗಾರರು ಮುಂದೆ ದಶಕಗಳ ಕಾಲ ಪ್ಲೇಟಿಗೆ ಹಾಡಲು ಅನುಸರಿಸಿದ್ದು ಹೆಚ್ಚುಕಡಿಮೆ ಇದೇ ದಾರಿಯನ್ನು.

ಇನ್ನೊಂದು ಮಾತು. ಪ್ಲೇಟಿನ ಮೇಲಿನ ಚೀಟಿಯಲ್ಲಿ ಅವರನ್ನು ಕಲ್ಕತ್ತೆಯ ಮೊದಲ ದರ್ಜೆಯ ನರ್ತಕಿ ಎಂಬಂತೆ ಅಚ್ಚು ಹಾಕುತ್ತಿದ್ದರು. ಅಂಥವರನ್ನು ಹೊಸ್ತಿಲು ದಾಟಿ ಒಳಗೆ ಬಿಟ್ಟುಕೊಳ್ಳದ ಮನೆಗಳ ಪಡಸಾಲೆಯಲ್ಲೇ ಆ ಪ್ಲೇಟು ಹಾಡತೊಡಗಿತು. ಸಂಗೀತ ಕೇಳಲು ಅರಮನೆಗೋ ಜಮೀನ್ದಾರರ ಮೆಹಫಿಲ್‌ಗೋ ಹೋಗಲಾಗದ ಹೆಂಗಸರೂ ಮನೆಯಲ್ಲಿ ಕೂತು ಅವರ ಹಾಡು ಕೇಳಿದರು.

ಏರು, ಇಳಿವು

ಹೆಸರು ಬಂದ ಮೇಲೆ ಕಥೆಗಳೂ ಹುಟ್ಟಿದವು. ಸಾಕಿದ ಬೆಕ್ಕು ಮರಿ ಹಾಕಿದ್ದಕ್ಕೆ 20,000 ರೂಪಾಯಿ ಖರ್ಚಿನ ಔತಣ ಕೊಟ್ಟರೆಂಬ ಮಾತು ಇಂದಿಗೂ ಓಡಾಡುತ್ತದೆ. ಅವರ ಚಿತ್ರ ಪೋಸ್ಟ್‌ಕಾರ್ಡು, ಬೆಂಕಿಪೊಟ್ಟಣಗಳ ಮೇಲೆಲ್ಲ ಬಂತು. 1911ರಲ್ಲಿ ದೊರೆ ಐದನೇ ಜಾರ್ಜ್ ಬಂದಿದ್ದ ದೆಹಲಿ ದರ್ಬಾರ್‌ನಲ್ಲಿ ಅಲಹಾಬಾದಿನ ಜಾನಕೀಬಾಯಿ ಜೊತೆ ಹಾಡಿದರು. ಸ್ವರಾಜ್ಯ ನಿಧಿಗೆ ಕಛೇರಿ ಮಾಡಿಕೊಡಲು ಗಾಂಧೀಜಿ ಕೇಳಿದಾಗ ನೀವೇ ಬರಬೇಕು ಅಂತ ಷರತ್ತು ಹಾಕಿದರಂತೆ. ಗಾಂಧೀಜಿಗೆ ಬರಲಾಗಲಿಲ್ಲ. ಕೂಡಿದ 24,000 ರೂಪಾಯಿಯಲ್ಲಿ 12,000 ಮಾತ್ರ ಕಳುಹಿಸಿ, ಅರ್ಧ ಮಾತು ಉಳಿಸಿಕೊಂಡದ್ದಕ್ಕೆ ಅರ್ಧ ಹಣ ಎಂದರೆಂಬ ಪ್ರಸಂಗ ಹೇಳುತ್ತಾರೆ.

ಬದುಕು ಮಾತ್ರ ಹಾಡಿನಷ್ಟು ಹದವಾಗಿ ನಡೆಯಲಿಲ್ಲ. 1906ರಲ್ಲಿ ತಾಯಿ ತೀರಿಕೊಂಡರು. ಮನಸ್ಸು ಕೊಟ್ಟಿದ್ದ ಗುಜರಾತಿ ರಂಗನಟ ಅಮೃತ್ ಕೇಶವ್ ನಾಯಕ್ ಮರುವರ್ಷವೇ ಹೋದರು. ಮನೆಯಲ್ಲಿ ಬೆಳೆದ ಆಳಿನ ಮಗನೊಬ್ಬ ತಾನೇ ಮಲ್ಕಾ ಜಾನ್‌ರ ವಾರಸುದಾರ ಅಂತ ಆಸ್ತಿಗೆ ದಾವೆ ಹೂಡಿದ. ದೇಶವೆಲ್ಲ ಹೆಸರು ಬಲ್ಲ ಹೆಂಗಸು ತಾನು ಯಾರ ಮಗಳು ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕಾಯಿತು. ಅದಕ್ಕಾಗಿ ಬಾಲ್ಯದಲ್ಲೇ ದೂರವಾದ ತಂದೆಯನ್ನು ಹುಡುಕಿಸಿ ಸಾಕ್ಷಿ ಹೇಳಿಸಬೇಕಾಯಿತು. ಮುಂದೆ ತಮ್ಮ ಕಾರ್ಯದರ್ಶಿಯಾಗಿದ್ದ ಅಬ್ಬಾಸ್ ಜೊತೆಗಿನ ಸಂಬಂಧವೂ ಮುರಿದು ಕೋರ್ಟು ಮೆಟ್ಟಿಲೇರಿತು. ವ್ಯಾಜ್ಯ ಆಸ್ತಿಯನ್ನು ತಿಂದಿತು. ದರ್ಭಾಂಗ, ರಾಂಪುರ, ಮುಂಬೈ ಅಂತ ಅಲೆದರು.

ಕೊನೆಗೆ ಬಂದದ್ದು ನಮ್ಮ ಮೈಸೂರಿಗೆ. ನಾಲ್ವಡಿ ಕೃಷ್ಣರಾಜ ಒಡೆಯರ್ 1928ರ ಆಗಸ್ಟ್ 1ರಿಂದ ಅವರನ್ನು ಆಸ್ಥಾನ ಸಂಗೀತಗಾರ್ತಿಯಾಗಿ ನೇಮಿಸಿಕೊಂಡರು. ತಿಂಗಳಿಗೆ 500 ರೂಪಾಯಿ ಸಂಬಳ, ಇರಲು ದಿಲ್‌ಖುಷ್ ಕಾಟೇಜ್ ಎಂಬ ಮನೆ. ಒಂದು ಕಾಲಕ್ಕೆ ಒಂದೇ ಸಲದ ಹಾಡಿಗೆ ಮೂರು ಸಾವಿರ ಕೇಳುತ್ತಿದ್ದವರಿಗೆ ಇದು ಆರು ತಿಂಗಳ ದುಡಿಮೆ. ಆದರೂ ಐವತ್ತೈದನೇ ವಯಸ್ಸಿನಲ್ಲಿ, ಗೊತ್ತಿಲ್ಲದ ಭಾಷೆಯ ಊರಿಗೆ ಬಂದು ಮತ್ತೆ ಕೆಲಸಕ್ಕೆ ಸೇರಿದರು. ಹದಿನೇಳು ತಿಂಗಳೂ ಸರಿಯಾಗಿ ತುಂಬಿರಲಿಲ್ಲ ಎನ್ನುವಷ್ಟರಲ್ಲಿ ಆರೋಗ್ಯ ಕೈಕೊಟ್ಟಿತು. 1930ರ ಜನವರಿ 17ರಂದು ಮೈಸೂರಿನಲ್ಲೇ ಕಣ್ಣು ಮುಚ್ಚಿದರು.

ಇಪ್ಪತ್ತು ವರ್ಷ ಇದೇ ಊರಿನಲ್ಲಿ ಇದ್ದು ನನಗೆ ಈ ಹೆಸರು ಗೊತ್ತಿರಲಿಲ್ಲ. ಬೆಂಗಳೂರಿನ ವಿಕ್ರಮ್ ಸಂಪತ್ ಅರಮನೆಯ ಹಳೆಯ ಕಡತಗಳ ಜಾಡು ಹಿಡಿದು 2010ರಲ್ಲಿ ಅವರ ಜೀವನಚರಿತ್ರೆ ಪ್ರಕಟಿಸಿದ ಮೇಲೆ ಅವರ ಹೆಸರು ಮತ್ತೆ ಕೇಳಿಬಂತು.

ಮತ್ತೆ ಆ ಗಡಿಯಾರ

ಗೌಹರ್ ಬದುಕಿನಿಂದ ಎಲ್ಲವನ್ನೂ ಕಲಿಯಬೇಕು ಅಂತ ನಾನು ಹೇಳಲಾರೆ. ದುಡಿದದ್ದನ್ನು ಉಳಿಸಿಕೊಳ್ಳುವ ಜಾಣತನ ಅವರಿಗೆ ಇರಲಿಲ್ಲ. ನಂಬಿದವರನ್ನು ಅಳೆದು ನೋಡಲಿಲ್ಲ. ಆದರೆ ಹೊಸ ಯಂತ್ರ ಬಂದಾಗ ಹೆದರಿ ಹಿಂದೆ ಸರಿದವರ ದನಿ ಅವರೊಂದಿಗೇ ಮಣ್ಣಾಯಿತು. ಕಹಳೆ ಎದುರು ನಿಂತವರ ದನಿ ಮಾವನ ಮನೆಯ ಡ್ರಾಯರ್‌ನಲ್ಲಿ ಇನ್ನೂ ಇದೆ.

ಹೋದ ತಿಂಗಳು ಇನ್ನೊಂದು ಕಂಪನಿಯದು ಅಂಥದೇ ಸಂದರ್ಶನ ಬಂತು. ಒಂದು ವಾರ ಮೊದಲೇ ಮೊಬೈಲ್ ಎದುರು ಕೂತು ಅಭ್ಯಾಸ ಮಾಡಿದೆ. ಹೇಳಬೇಕೆನಿಸಿದ್ದನ್ನೆಲ್ಲ ಬರೆದು, ಅದರಲ್ಲಿ ಮುಕ್ಕಾಲು ಪಾಲು ಹೊಡೆದುಹಾಕಿದೆ. ಉಳಿದದ್ದು ನಾನು ಮಾಡಿದ ಎರಡು ಕೆಲಸ, ನನಗೆ ಬರುವ ಒಂದು ವಿದ್ಯೆ. ಮೂರು ನಿಮಿಷಕ್ಕೆ ಹತ್ತು ಸೆಕೆಂಡು ಇರುವಾಗ ಮುಗಿಸಿದೆ. ಮುಂದಿನ ಸುತ್ತಿಗೆ ಕರೆದಿದ್ದಾರೆ. ಕೆಲಸ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ, ಗಂಟಲು ಮಾತ್ರ ಕಟ್ಟಲಿಲ್ಲ.

ನಿಮ್ಮ ಮನೆಯ ಅಟ್ಟದ ಮೇಲೂ ಅಜ್ಜನ ಕಾಲದ ಪ್ಲೇಟುಗಳು ಇದ್ದಾವು. ಹಳೇ ಸಾಮಾನಿನವನಿಗೆ ಹಾಕುವ ಮುನ್ನ ಒಮ್ಮೆ ಧೂಳು ಒರೆಸಿ, ಹಾಡಿಸಿ ಕೇಳಿ. 78 ವೇಗದ ಪ್ಲೇಟಾದರೆ ಎಲ್‌ಪಿಯ ಮುಳ್ಳು ಇಡಬೇಡಿ, ಅದಕ್ಕೆ ಬೇರೆಯೇ ಮುಳ್ಳು ಬೇಕು. ಗ್ರಾಮಫೋನ್ ಇಲ್ಲದಿದ್ದರೂ ಗೌಹರ್ ಹಾಡುಗಳು ಈಗ ಮೊಬೈಲ್‌ನಲ್ಲೇ ಸಿಗುತ್ತವೆ. ಮಧ್ಯದಲ್ಲಿ ನಿಲ್ಲಿಸದೆ ಕೊನೆಯವರೆಗೂ ಕೇಳಿ. ಹಾಡು ಮುಗಿದ ಮೇಲೆ ಅವರು ತಮ್ಮ ಹೆಸರು ಹೇಳುತ್ತಾರೆ.