ಇಬ್ಬನಿ ಅಳೆದ ಮೇಷ್ಟ್ರು ಜಾನ್ ಡಾಲ್ಟನ್

ಒಂಬತ್ತನೇ ತರಗತಿಯ ವಿಜ್ಞಾನ ಪಠ್ಯಪುಸ್ತಕದಲ್ಲಿ ಜಾನ್ ಡಾಲ್ಟನ್ ಅವರ ಹೆಸರು ಬರುವುದು ಪರಮಾಣುವಿನ ಪಾಠದಲ್ಲಿ. ಮಕ್ಕಳು ಅವರ ಸಿದ್ಧಾಂತದ ಅಂಶಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಡಾಲ್ಟನ್ ಪರಮಾಣುವಿನ ಕಡೆಗೆ ಹೋದದ್ದು ಮಳೆ, ಮಂಜು, ಇಬ್ಬನಿಗಳ ದಾರಿಯಿಂದ. ಜೀವನಕ್ಕೆ ಅವರು ನಂಬಿದ್ದು ಮೇಷ್ಟ್ರ ಕೆಲಸವನ್ನು. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ನಮಗೆ, ಪಾಠದಲ್ಲಿ ಬಿಟ್ಟುಹೋಗಿರುವ ಈ ಭಾಗವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಡಾಲ್ಟನ್ ಹುಟ್ಟಿದ್ದು 1766ರ ಸೆಪ್ಟೆಂಬರ್‌ನಲ್ಲಿ, ಇಂಗ್ಲೆಂಡಿನ ಉತ್ತರ ಭಾಗದ ಈಗಲ್ಸ್‌ಫೀಲ್ಡ್ ಎಂಬ ಹಳ್ಳಿಯಲ್ಲಿ. ತಂದೆ ಜೋಸೆಫ್ ಕೈಮಗ್ಗದ ನೇಕಾರರು. ರೇಷ್ಮೆ ನೇಯ್ಗೆಗೆ ಹೆಸರಾದ ಕೊಳ್ಳೇಗಾಲದವರಿಗೆ ಮಗ್ಗದ ಮನೆಯ ಕಷ್ಟವನ್ನು ವಿವರಿಸಬೇಕಾಗಿಲ್ಲ. ಅವರದು ಕ್ವೇಕರ್ ಪಂಥದ ಕುಟುಂಬ. ಆ ಕಾಲದಲ್ಲಿ ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದವರಿಗೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಲ್ಲಿ ಪದವಿ ಸಿಗುತ್ತಿರಲಿಲ್ಲ. ಹೀಗಾಗಿ ಡಾಲ್ಟನ್ ಓದಿದ್ದೆಲ್ಲ ಊರಿನ ಹಿರಿಯರ ಹತ್ತಿರ. ಎಲಿಹು ರಾಬಿನ್ಸನ್ ಎಂಬುವವರು ಗಣಿತವನ್ನೂ ಹವಾಮಾನದ ಉಪಕರಣಗಳನ್ನೂ ಪರಿಚಯ ಮಾಡಿಸಿದರು. ಹನ್ನೆರಡನೇ ವಯಸ್ಸಿಗೇ ಡಾಲ್ಟನ್ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳತೊಡಗಿದರು.

1781ರಲ್ಲಿ ಅಣ್ಣನ ಜೊತೆ ಕೆಂಡಲ್ ಪಟ್ಟಣದ ಶಾಲೆಗೆ ಸೇರಿದರು. ಅಲ್ಲಿ ಅವರಿಗೆ ಸಿಕ್ಕ ಗುರು ಜಾನ್ ಗಾಫ್. ಗಾಫ್ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ಭಾಷೆ, ಗಣಿತ, ಪ್ರಕೃತಿ ವಿಜ್ಞಾನಗಳಲ್ಲಿ ದೊಡ್ಡ ವಿದ್ವಾಂಸರು. ಅವರ ಪ್ರೇರಣೆಯಿಂದ 1787ರ ಮಾರ್ಚ್ 24ರಂದು ಡಾಲ್ಟನ್ ಹವಾಮಾನದ ದಿನಚರಿ ಬರೆಯಲು ಶುರುಮಾಡಿದರು. ಉಷ್ಣತೆ, ಗಾಳಿಯ ಒತ್ತಡ, ಮಳೆ ಎಲ್ಲವನ್ನೂ ಗುರುತು ಹಾಕಿದರು. ಸಾಯುವ ಹಿಂದಿನ ದಿನದವರೆಗೆ, ಎಂದರೆ 57 ವರ್ಷ, ಅದು ನಡೆಯಿತು. ಒಟ್ಟು ಎರಡು ಲಕ್ಷದಷ್ಟು ವೀಕ್ಷಣೆಗಳು ಅದರಲ್ಲಿದ್ದವು.

1793ರಲ್ಲಿ ಹವಾಮಾನದ ಬಗ್ಗೆ ಮೊದಲ ಪುಸ್ತಕ ಹೊರತಂದು, ಅದೇ ವರ್ಷ ಮ್ಯಾಂಚೆಸ್ಟರ್‌ನ ಕಾಲೇಜೊಂದಕ್ಕೆ ಗಣಿತದ ಅಧ್ಯಾಪಕರಾಗಿ ಹೋದರು. ಮರುವರ್ಷ, ಬಣ್ಣಗಳನ್ನು ಗುರುತಿಸುವುದರಲ್ಲಿ ತಮಗಿದ್ದ ದೋಷವನ್ನೇ ವಿಷಯ ಮಾಡಿಕೊಂಡು ಪ್ರಬಂಧ ಓದಿದರು. 1800ರಲ್ಲಿ ಕಾಲೇಜಿನ ಕೆಲಸ ಬಿಟ್ಟ ಮೇಲೆ ಮನೆಪಾಠವೇ ಅವರಿಗೆ ಆಧಾರವಾಯಿತು.

ಆ ದಿನಗಳಲ್ಲಿ ಅವರನ್ನು ಕಾಡಿದ ಪ್ರಶ್ನೆ ಸರಳವಾದದ್ದು. ಗಾಳಿಯಲ್ಲಿ ನೀರಿನ ಆವಿ ಹೇಗೆ ಇರುತ್ತದೆ? ಸಕ್ಕರೆ ನೀರಿನಲ್ಲಿ ಕರಗುವಂತೆ ಆವಿ ಗಾಳಿಯಲ್ಲಿ ಕರಗಿರುತ್ತದೆ ಎಂದು ಹಲವರು ನಂಬಿದ್ದರು. ಡಾಲ್ಟನ್ ಅಳೆದು ನೋಡಿದರು. ಎತ್ತರದ ಗಾಜಿನ ಜಾಡಿಗೆ ಬಾವಿಯ ತಣ್ಣೀರು ತುಂಬುವುದು. ಹೊರಗೆ ಇಬ್ಬನಿ ಕಟ್ಟಿದರೆ ನೀರನ್ನು ಸುರಿದು, ಸ್ವಲ್ಪ ಬೆಚ್ಚಗಾಗಲು ಬಿಟ್ಟು, ಜಾಡಿಯನ್ನು ಬಟ್ಟೆಯಿಂದ ಒರೆಸಿ ಮತ್ತೆ ತುಂಬುವುದು. ಇಬ್ಬನಿ ಕಟ್ಟುವುದು ನಿಂತಾಗ ನೀರಿನ ಉಷ್ಣತೆ ನೋಡುವುದು. ಅದೇ ಇಬ್ಬನಿ ಬಿಂದು. ಈ ಉಪಾಯವನ್ನು ಫ್ರಾನ್ಸಿನ ಲೆ ರಾಯ್ ಮೊದಲೇ ಬಳಸಿದ್ದರು. ಡಾಲ್ಟನ್ ಅದರ ಜೊತೆಗೆ ಬೇರೆ ಬೇರೆ ಉಷ್ಣತೆಗಳಲ್ಲಿ ಆವಿಯ ಒತ್ತಡ ಎಷ್ಟು ಎಂಬ ಕೋಷ್ಟಕವನ್ನೂ ತಯಾರಿಸಿದರು.

ಫಲಿತಾಂಶ 1801ರಲ್ಲಿ ಹೊರಬಂತು. ಒಂದು ಜಾಗದಲ್ಲಿ ಎಷ್ಟು ಆವಿ ಇರಬಹುದು ಎಂಬುದು ಉಷ್ಣತೆಯನ್ನು ಅವಲಂಬಿಸಿದೆ, ಅಲ್ಲಿರುವ ಗಾಳಿಯನ್ನಲ್ಲ. ಮಿಶ್ರಣದಲ್ಲಿರುವ ಪ್ರತಿಯೊಂದು ಅನಿಲವೂ ಉಳಿದವು ಇಲ್ಲವೇ ಇಲ್ಲ ಎಂಬಂತೆ ತನ್ನ ಪಾಲಿನ ಒತ್ತಡವನ್ನು ಉಂಟುಮಾಡುತ್ತದೆ. ಇದೇ ಆಂಶಿಕ ಒತ್ತಡಗಳ ನಿಯಮ. ಅನಿಲಗಳು ಹೀಗೆ ಬೆರೆಯುವುದೇಕೆ, ನೀರಿನಲ್ಲಿ ಒಂದು ಹೆಚ್ಚು ಒಂದು ಕಡಿಮೆ ಕರಗುವುದೇಕೆ ಎಂದು ಯೋಚಿಸುತ್ತಾ ಅವರು ಕಣಗಳ ತೂಕದ ಕಡೆಗೆ ತಿರುಗಿದರು. 1803ರಲ್ಲಿ ಪರಮಾಣು ತೂಕಗಳ ಮೊದಲ ಪಟ್ಟಿ ಮಾಡಿದರು; 1808ರಲ್ಲಿ ಸಿದ್ಧಾಂತವನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದರು. ನೀರಿನಲ್ಲಿ ಒಂದು ಹೈಡ್ರೋಜನ್‌ಗೆ ಒಂದೇ ಆಕ್ಸಿಜನ್ ಎಂದು ಅವರು ಎಣಿಸಿದ್ದು ತಪ್ಪಾಗಿತ್ತು. ಅನಿಲಗಳ ಗಾತ್ರದ ಬಗ್ಗೆ ಗೇ ಲುಸಾಕ್ ತೋರಿಸಿದ್ದನ್ನೂ ಅವರು ಒಪ್ಪಲಿಲ್ಲ.

ಇಬ್ಬನಿಯ ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ. ಇಂದು ಅನಿಲ ಸಂಸ್ಕರಣಾ ಘಟಕಗಳಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ಈ ಅನಿಲ ಎಷ್ಟು ತಣ್ಣಗಾದರೆ ಅದರಲ್ಲಿನ ನೀರು ಹನಿಯಾಗುತ್ತದೆ? ಸಾಮಾನ್ಯ ಒತ್ತಡದಲ್ಲಿ ಇಬ್ಬನಿ ಬಿಂದು 20° ಸೆ. ಆಗಿರುವ ಅನಿಲದಲ್ಲಿ ಆವಿಯ ಪಾಲು 17.5 ಮಿ.ಮೀ. ಪಾದರಸದಷ್ಟು. ಆ ಅನಿಲವನ್ನು ಹತ್ತು ಪಟ್ಟು ಒತ್ತಡಕ್ಕೆ ಏರಿಸಿದರೆ ಆವಿಯ ಪಾಲೂ 175 ಮಿ.ಮೀ. ಆಗುತ್ತದೆ. ಆಗ ಸುಮಾರು 63° ಸೆ.ಗೇ ಹನಿ ಕಟ್ಟುತ್ತದೆ. ಒತ್ತಡ ಇನ್ನೂ ಹೆಚ್ಚಾದಾಗ ಡಾಲ್ಟನ್ ನಿಯಮ ಪೂರ್ತಿ ಸರಿಹೋಗುವುದಿಲ್ಲ; ತಿದ್ದುಪಡಿ ಸೇರಿಸಬೇಕು.

ಹನಿಗಿಂತ ದೊಡ್ಡ ತೊಂದರೆ ಹೈಡ್ರೇಟ್. ನೀರಿನ ಅಣುಗಳು ಪಂಜರದಂತೆ ಜೋಡಿಸಿಕೊಂಡು ಒಳಗೆ ಅನಿಲದ ಅಣುವನ್ನು ಹಿಡಿದಿಟ್ಟುಕೊಂಡು ಹಿಮದಂತೆ ಗಟ್ಟಿಯಾಗುತ್ತವೆ. ಕ್ಲೋರಿನ್‌ನ ಇಂಥ ಹರಳನ್ನು 1810ರ ಸುಮಾರಿಗೆ ಗುರುತಿಸಿದವರು ಡಾಲ್ಟನ್ ಅವರ ಪರಿಚಯದವರೇ ಆದ ಹಂಫ್ರಿ ಡೇವಿ. 1823ರಲ್ಲಿ ಫ್ಯಾರಡೆ ಅದನ್ನು ವಿಶ್ಲೇಷಿಸಿದರು. ನೂರು ವರ್ಷ ಅದು ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿಯಿತು. 1934ರಲ್ಲಿ ಅಮೆರಿಕದ ಹ್ಯಾಮರ್‌ಶ್ಮಿಟ್, ಅನಿಲದ ಕೊಳವೆಗಳು ಕಟ್ಟಿಕೊಳ್ಳುವುದಕ್ಕೆ ಇದೇ ಕಾರಣ ಎಂದು ತೋರಿಸಿದರು. ನೀರು ಮಂಜುಗಡ್ಡೆಯಾಗಲು 0° ಸೆ. ಬೇಕು, ಆದರೆ 70 ಬಾರ್ ಒತ್ತಡದಲ್ಲಿ ಮೀಥೇನ್ ಹೈಡ್ರೇಟ್ ಸುಮಾರು 10° ಸೆ.ನಲ್ಲೇ ಕಟ್ಟಬಲ್ಲದು. ಅದಕ್ಕೇ ಅನಿಲವನ್ನು ಮೊದಲೇ ಒಣಗಿಸುತ್ತಾರೆ, ಇಲ್ಲವೇ ಮೆಥನಾಲ್, ಗ್ಲೈಕಾಲ್ ಸೇರಿಸುತ್ತಾರೆ. ಕೊಚ್ಚಿಯಿಂದ ಮಂಗಳೂರಿಗೆ 2021ರಲ್ಲಿ ಉದ್ಘಾಟನೆಯಾದ ಕೊಳವೆ ಮಾರ್ಗಕ್ಕೆ ಅನಿಲ ಬರುವುದು ಕೊಚ್ಚಿಯ ದ್ರವೀಕೃತ ಅನಿಲದ ಟರ್ಮಿನಲ್‌ನಿಂದ. ಅನಿಲವನ್ನು ದ್ರವ ಮಾಡಲು ಸುಮಾರು -162° ಸೆ.ಗೆ ತಣಿಸಬೇಕಾದ್ದರಿಂದ, ಅದರಲ್ಲಿನ ನೀರನ್ನು ಅದಕ್ಕೂ ಮೊದಲೇ ತೆಗೆದಿರುತ್ತಾರೆ.

ಡಾಲ್ಟನ್‌ಗೆ ಕೊನೆಗಾಲದಲ್ಲಿ ಗೌರವಗಳು ಬಂದವು: 1826ರಲ್ಲಿ ರಾಯಲ್ ಪದಕ, 1833ರಲ್ಲಿ ಸರ್ಕಾರದ ಪಿಂಚಣಿ. ಅವರು ಮದುವೆಯಾಗಲಿಲ್ಲ. 1837ರಲ್ಲಿ ಪಾರ್ಶ್ವವಾಯು ಬಡಿಯಿತು. 1844ರ ಜುಲೈ 27ರಂದು ತೀರಿಕೊಂಡರು. ಅಂತಿಮ ದರ್ಶನಕ್ಕೆ ಸುಮಾರು 40,000 ಜನ ಬಂದರು. ತಮ್ಮ ಕಣ್ಣನ್ನು ಪರೀಕ್ಷಿಸಬೇಕೆಂದು ಅವರು ಹೇಳಿಟ್ಟಿದ್ದರು. ಉಳಿಸಿಟ್ಟಿದ್ದ ಆ ಕಣ್ಣಿನ ಡಿ.ಎನ್.ಎ. ಪರೀಕ್ಷೆ 1995ರಲ್ಲಿ ಅವರ ವರ್ಣಾಂಧತೆಯ ಬಗೆಯನ್ನು ಖಚಿತಪಡಿಸಿತು.

ಈ ಪಾಠಕ್ಕೆ ಚಟುವಟಿಕೆ ಸುಲಭ. ಸ್ಟೀಲ್ ಲೋಟ, ಉಷ್ಣತಾಮಾಪಕ, ನೀರು, ಐಸ್ ಸಾಕು. ಮಡಕೆಯ ನೀರೊಂದೇ ಸಾಲದು. ನೀರು ಆವಿಯಾಗುವುದರಿಂದ ಆಗುವ ತಂಪು ಇಬ್ಬನಿ ಬಿಂದುವಿಗಿಂತ ಕೆಳಕ್ಕೆ ಇಳಿಯಲಾರದು. ಐಸನ್ನು ಚೂರುಚೂರಾಗಿ ಹಾಕಿ ಕಲಕುತ್ತಾ, ಲೋಟದ ಹೊರಮೈ ಮಸುಕಾದಾಗಿನ ಉಷ್ಣತೆ ಬರೆದುಕೊಳ್ಳಬೇಕು. ಅದು 20° ಸೆ. ಇದ್ದು ಗಾಳಿ 30° ಸೆ. ಇದ್ದರೆ, 17.5ನ್ನು 31.8ರಿಂದ ಭಾಗಿಸಿದಾಗ ಸಾಪೇಕ್ಷ ಆರ್ದ್ರತೆ ಶೇ. 55 ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಮೇಲೊಂದು ಶಾಲೆ, ಕೊಳ್ಳೇಗಾಲದಲ್ಲೊಂದು ಶಾಲೆ, ಮಲೆ ಮಹದೇಶ್ವರ ಬೆಟ್ಟದಲ್ಲೊಂದು ಶಾಲೆ ಒಂದೇ ದಿನ ಒಂದೇ ಹೊತ್ತಿಗೆ ಅಳೆದರೆ ಹೋಲಿಸಿ ನೋಡಲು ಅಂಕಿಗಳು ಸಿಗುತ್ತವೆ. ಬೋಧನಾಭ್ಯಾಸದ ದಿನಗಳಲ್ಲಿ ಆರಂಭಿಸಿದ ಈ ದಿನಚರಿಯನ್ನು, ನಾವು ಹೊರಟ ಮೇಲೂ ಮುಂದುವರಿಸಲು ಶಾಲೆಯ ವಿಜ್ಞಾನ ಸಂಘಕ್ಕೆ ಒಪ್ಪಿಸಿ ಬರಬಹುದು.