ಶಾಲಾ ಉಪಾಧ್ಯಾಯ ಜಾರ್ಜ್ ಸೈಮನ್ ಓಮ್

ವಿದ್ಯುತ್ತಿನ ಲೆಕ್ಕವನ್ನು ಕಲಿಯತೊಡಗಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಮೊತ್ತಮೊದಲು ಪರಿಚಯವಾಗುವ ಹೆಸರು ಓಮ್. ಪರೀಕ್ಷೆಯ ದೃಷ್ಟಿಯಿಂದ ಅದೊಂದು ಸೂತ್ರ, ಅದೊಂದು ಮಾನ. ಆ ಸೂತ್ರದ ಹಿಂದೆ ಒಬ್ಬ ಶಾಲಾ ಉಪಾಧ್ಯಾಯರ ಬಾಳು ಅಡಗಿದೆ ಎಂಬುದನ್ನು ಅರಿತವರು ವಿರಳ. ಆ ಬಾಳನ್ನು ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಜಾರ್ಜ್ ಸೈಮನ್ ಓಮ್‌ರವರು 1789ನೆಯ ಇಸವಿ ಮಾರ್ಚ್ 16ರಂದು ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ ಜನಿಸಿದರು. ತಂದೆ ಯೋಹಾನ್ ವೋಲ್ಫ್‌ಗಾಂಗ್ ಬೀಗ ತಯಾರಿಸುವ ಕಸುಬಿನವರು. ಕ್ರಮಬದ್ಧವಾದ ಶಿಕ್ಷಣ ತಮಗೆ ದೊರೆಯದಿದ್ದರೂ ಸ್ವಂತ ಪರಿಶ್ರಮದಿಂದ ಗಣಿತವನ್ನೂ ಭೌತಶಾಸ್ತ್ರವನ್ನೂ ಅಭ್ಯಸಿಸಿ, ಮಕ್ಕಳಿಗೆ ತಾವೇ ಗುರುಗಳಾದರು. ಜಾರ್ಜ್ ಹತ್ತು ವರ್ಷದ ಬಾಲಕನಾಗಿದ್ದಾಗ ತಾಯಿ ತೀರಿಕೊಂಡರು. ಆ ತಂದೆಯ ಪಾಲನೆಯಲ್ಲಿ ಬೆಳೆದ ತಮ್ಮ ಮಾರ್ಟಿನ್ ಕೂಡ ಮುಂದೆ ಗಣಿತಜ್ಞನೆಂದು ಹೆಸರಾದನು.

1805ರಲ್ಲಿ ಓಮ್‌ರವರು ಎರ್ಲಾಂಗೆನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ನೃತ್ಯ, ಬಿಲಿಯರ್ಡ್ಸ್, ಮಂಜುಗಡ್ಡೆಯ ಮೇಲಿನ ಜಾರಾಟಗಳಲ್ಲಿ ಕಾಲ ಕಳೆಯತೊಡಗಿದ ಮಗನನ್ನು ಕಂಡು ತಂದೆ ಕುಪಿತರಾದರು. ವ್ಯಾಸಂಗ ಅರ್ಧಕ್ಕೇ ನಿಂತಿತು. 1806ರಲ್ಲಿ ಸ್ವಿಟ್ಸರ್ಲೆಂಡಿನ ಶಾಲೆಯೊಂದರಲ್ಲಿ ಗಣಿತ ಬೋಧಿಸುತ್ತ, ಬಿಡುವಿನಲ್ಲಿ ಸ್ವಾಧ್ಯಾಯ ಮುಂದುವರಿಸಿ, 1811ರಲ್ಲಿ ಹಿಂದಿರುಗಿ ಡಾಕ್ಟರೇಟ್ ಪದವಿ ಪಡೆದರು. ಅಲ್ಪ ವೇತನದ ಕಾರಣ ವಿಶ್ವವಿದ್ಯಾನಿಲಯದ ಕೆಲಸವನ್ನು ತೊರೆದು ಬಾಂಬೆರ್ಗ್ ಪಟ್ಟಣದ ಶಾಲೆಯೊಂದಕ್ಕೆ ಹೋದರು. ಆ ಶಾಲೆಯೂ 1816ರಲ್ಲಿ ಮುಚ್ಚಿತು.

1817ರಲ್ಲಿ ಕಲೋನ್ ನಗರದ, ಜೆಸ್ಯೂಟ್ ಪರಂಪರೆಗೆ ಸೇರಿದ ಪ್ರೌಢಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರಾಗಿ ನೇಮಕಗೊಂಡುದು ಅವರ ಬಾಳಿನ ತಿರುವು. ಆ ಶಾಲೆಯಲ್ಲಿ ಸುಸಜ್ಜಿತವಾದ ಪ್ರಯೋಗಶಾಲೆಯಿತ್ತು. ತಂದೆಯಿಂದ ಬಂದ ಲೋಹಗೆಲಸದ ಕೌಶಲವಿತ್ತು. ಬೇಕಾದ ಸಾಧನಗಳನ್ನು ಓಮ್‌ರವರು ತಾವೇ ಸಿದ್ಧಪಡಿಸಿಕೊಂಡರು. ತಂತಿಯ ಉದ್ದ ಹೆಚ್ಚಿದಂತೆ ವಿದ್ಯುತ್ ಪ್ರವಾಹ ಯಾವ ಪ್ರಮಾಣದಲ್ಲಿ ಕುಗ್ಗುತ್ತದೆ ಎಂಬುದೇ ಅವರ ಪ್ರಶ್ನೆ. 1825ರಲ್ಲಿ ಅವರು ಪ್ರಕಟಿಸಿದ ಮೊದಲ ಸೂತ್ರ ಸರಿಯಾಗಿರಲಿಲ್ಲ. ಆ ಕಾಲದ ವಿದ್ಯುತ್ಕೋಶಗಳ ಬಲ ಕ್ಷಣಕ್ಷಣಕ್ಕೂ ಕುಂದುತ್ತಿದ್ದುದೇ ಅದಕ್ಕೆ ಕಾರಣ. ವಿಜ್ಞಾನ ಪತ್ರಿಕೆಯ ಸಂಪಾದಕ ಪೊಗೆಂಡಾರ್ಫ್ ಅವರ ಸಲಹೆಯಂತೆ, ತಾಮ್ರ ಮತ್ತು ಬಿಸ್ಮತ್ ಲೋಹಗಳ ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇರಿಸಿ, ಏರಿಳಿತವಿಲ್ಲದ ವಿದ್ಯುತ್ತನ್ನು ಪಡೆದರು. ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ, ತೂಗುಬಿಟ್ಟ ಕಾಂತಸೂಜಿಯ ನೆರವಿನಿಂದ ಪ್ರವಾಹವನ್ನು ಅಳೆದರು. 1826ರಲ್ಲಿ ನಿಯಮ ನಿಚ್ಚಳವಾಗಿ ಗೋಚರಿಸಿತು: ಪ್ರವಾಹವು ಅದನ್ನು ಪ್ರೇರಿಸುವ ವಿಭವಾಂತರಕ್ಕೆ ನೇರ ಅನುಪಾತದಲ್ಲಿಯೂ ಮಂಡಲದ ರೋಧಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ.

1827ರಲ್ಲಿ ಬರ್ಲಿನ್ನಿನಲ್ಲಿ ಗ್ರಂಥವು ಪ್ರಕಟವಾಯಿತು. ವಿಶ್ವವಿದ್ಯಾನಿಲಯದ ಪೀಠವೊಂದು ದೊರೆತೀತೆಂಬ ಆಸೆ ಅವರಿಗಿತ್ತು. ಆದರೆ ಗಣಿತದ ಭಾಷೆಯಲ್ಲಿ ಹೇಳಿದ ಆ ಭೌತಸತ್ಯವನ್ನು ಅಂದಿನ ಜರ್ಮನ್ ವಿದ್ವಾಂಸರಲ್ಲಿ ಹೆಚ್ಚಿನವರು ಆದರಿಸಲಿಲ್ಲ. ಮನನೊಂದ ಓಮ್‌ರವರು 1828ರಲ್ಲಿ ಕಲೋನಿನ ಹುದ್ದೆಗೆ ರಾಜೀನಾಮೆಯಿತ್ತು, ಬರ್ಲಿನ್ನಿನಲ್ಲಿ ತಾತ್ಕಾಲಿಕ ಬೋಧನೆಯಿಂದ ಜೀವನ ಸಾಗಿಸಿದರು. 1833ರಲ್ಲಿ ನ್ಯೂರೆಂಬರ್ಗಿನ ತಾಂತ್ರಿಕ ಶಾಲೆಯಲ್ಲಿ ನೆಲೆ ಸಿಕ್ಕಿತು. ಮೊದಲ ದೊಡ್ಡ ಮನ್ನಣೆ ಬಂದುದು ಪರದೇಶದಿಂದ; 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕವನ್ನಿತ್ತು ಗೌರವಿಸಿತು. ಬಯಸಿದ್ದ ಪ್ರಾಧ್ಯಾಪಕ ಪೀಠ ಮ್ಯೂನಿಕ್ ವಿಶ್ವವಿದ್ಯಾನಿಲಯದಲ್ಲಿ 1852ರಲ್ಲಿ ಪ್ರಾಪ್ತವಾಯಿತು. ಎರಡೇ ವರ್ಷಗಳಲ್ಲಿ, 1854ರ ಜುಲೈ 6ರಂದು, ಅವಿವಾಹಿತರಾಗಿಯೇ ಉಳಿದಿದ್ದ ಅವರು ಕಾಲವಾದರು.

ಅವರ ನಿಯಮದ ಉಪಯುಕ್ತತೆಗೆ ಒಂದು ಉದಾಹರಣೆ ಸಾಕು. 230 ವೋಲ್ಟ್ ವಿಭವಾಂತರದಲ್ಲಿ ವಿದ್ಯುತ್ ಒಲೆಯೊಂದು 5 ಆಂಪೇರ್ ಪ್ರವಾಹವನ್ನು ಸೆಳೆಯುತ್ತದೆ ಎನ್ನೋಣ. 230ನ್ನು 5ರಿಂದ ಭಾಗಿಸಿದರೆ ಒಲೆಯ ರೋಧ 46 ಓಮ್. ಗುಣಿಸಿದರೆ ಅದರ ಸಾಮರ್ಥ್ಯ 1150 ವ್ಯಾಟ್. ರೋಧ ಬದಲಾಗದೆ ವೋಲ್ಟೇಜು 115ಕ್ಕೆ ಇಳಿದರೆ ಪ್ರವಾಹ 2.5 ಆಂಪೇರ್ ಆಗುತ್ತದೆ. ಸಾಮರ್ಥ್ಯ ಮಾತ್ರ ಅರ್ಧಕ್ಕಲ್ಲ, ಕಾಲುಭಾಗಕ್ಕೆ, ಎಂದರೆ 287.5 ವ್ಯಾಟಿಗೆ ಕುಸಿಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗವನ್ನು ಅನುಸರಿಸುತ್ತದೆಂದು ಇಂಗ್ಲೆಂಡಿನ ಜೇಮ್ಸ್ ಜೂಲ್ 1840ರ ಸುಮಾರಿಗೆ ಕಂಡುಕೊಂಡರು. ಮನೆಗೆ ಎಷ್ಟು ದಪ್ಪದ ತಂತಿ ಬೇಕು, ಫ್ಯೂಸು ಎಷ್ಟು ಪ್ರವಾಹವನ್ನು ತಡೆದೀತು ಎಂಬ ನಿರ್ಣಯಗಳೆಲ್ಲ ಇಂಥ ಲೆಕ್ಕವನ್ನೇ ಆಧರಿಸಿವೆ.

1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ರೋಧದ ಮಾನಕ್ಕೆ ಓಮ್‌ರವರ ಹೆಸರನ್ನು ಅಂಗೀಕರಿಸಿತು. ಅದನ್ನು ಕಾಣಲು ಅವರು ಬದುಕಿರಲಿಲ್ಲ. ರಾಜಧಾನಿಯ ವಿದ್ವತ್ಪೀಠಗಳು ನಿರ್ಲಕ್ಷಿಸಿದ ಆ ಸತ್ಯ ಗೋಚರಿಸಿದ್ದು ಒಂದು ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ. ಕಲೋನಿನ ಆ ಶಾಲೆಯಲ್ಲಿ ಉಪಕರಣಗಳನ್ನು ಒದಗಿಸಿಟ್ಟವರ ಹೆಸರು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಆದರೆ ಅವರ ಕೊಡುಗೆಯಿಲ್ಲದೆ ಆ ಸೂತ್ರಕ್ಕೆ ಹಾದಿಯಿರಲಿಲ್ಲ. ಶಾಲೆಗೊಂದು ಉಪಕರಣವನ್ನು ನೀಡುವ ದಾನಿಯೂ ಅದನ್ನು ಬೀರುವಿನಲ್ಲಿ ಬೀಗ ಹಾಕಿಡದೆ ವಿದ್ಯಾರ್ಥಿಯ ಕೈಗೆ ಕೊಡುವ ಉಪಾಧ್ಯಾಯನೂ ಇದನ್ನು ನೆನೆಯತಕ್ಕದ್ದು.