ಗುರುವಿಲ್ಲದೆ ಕಾಡಿಗಿಳಿದ ಕಾಲುವೆ ಸಾಹೇಬ

ಮೈಸೂರಿನ ಖೆಡ್ಡಾ ಎಂದೊಡನೆ ಕಾಕನಕೋಟೆ, ಕಬಿನಿ ಹೊಳೆ ಮತ್ತು ರಾಜಾತಿಥಿಗಳ ಚಿತ್ರ ಕಣ್ಣೆದುರು ನಿಲ್ಲುತ್ತದೆ. ಆದರೆ ಸಂಸ್ಥಾನದಲ್ಲಿ ಆನೆ ಹಿಂಡನ್ನು ಈ ವಿಧಾನದಿಂದ ಸೆರೆಹಿಡಿಯುವ ಪ್ರಯತ್ನ ಮೊದಲು ಫಲಿಸಿದ್ದು ಅಲ್ಲಲ್ಲ. ಚಾಮರಾಜನಗರದ ಸಮೀಪ, 1874ರ ಜೂನ್ ತಿಂಗಳಲ್ಲಿ. ಅದರ ಹೊಣೆ ಹೊತ್ತವರು ನೀರಾವರಿ ಕಾಲುವೆಗಳನ್ನು ನೋಡಿಕೊಳ್ಳುತ್ತಿದ್ದ ಯುವ ಅಧಿಕಾರಿ ಜಾರ್ಜ್ ಪೆರೆಸ್ ಸ್ಯಾಂಡರ್ಸನ್. ಅದಕ್ಕೂ ಮೊದಲು ಆನೆ ಹಿಡಿಯುವ ಕೆಲಸದ ಅನುಭವ ಅವರಿಗೆ ಕಿಂಚಿತ್ತೂ ಇರಲಿಲ್ಲ.

ಸ್ಯಾಂಡರ್ಸನ್ ಹುಟ್ಟಿದ್ದು 1848ರಲ್ಲಿ, ಭಾರತದಲ್ಲೇ. ತಂದೆ ಡೇನಿಯಲ್ ಸ್ಯಾಂಡರ್ಸನ್ ವೆಸ್ಲಿಯನ್ ಮಿಷನರಿ. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಲ್ಲಿ ಹೊರತಂದವರು ಅವರೇ. ಮಗ ಇಂಗ್ಲೆಂಡಿನಲ್ಲಿ ಓದಿ 1864ರಲ್ಲಿ ಮೈಸೂರಿಗೆ ಮರಳಿದಾಗ ಇದ್ದದ್ದು ಕಾಫಿ ತೋಟಗಾರನಾಗುವ ಯೋಚನೆ. ಅದು ಕೈಗೂಡಲಿಲ್ಲ. ತರುಣ ಕನ್ನಡ ಕಲಿತು ಸರ್ಕಾರಿ ಚಾಕರಿ ಸೇರಿದರು. ಮುಂದೆ ಬಂದೂಕಿಗಿಂತ ಹೆಚ್ಚಾಗಿ ಕೈಹಿಡಿದದ್ದು ಈ ಕನ್ನಡವೇ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನೇ ನಂಬಿರುವ ಮಾನ್ವಿ, ಪೋತ್ನಾಳ ಸೀಮೆಯವರಿಗೆ ಕಾಲುವೆ ಅಧಿಕಾರಿಯ ಕೆಲಸ ಎಂಥದೆಂದು ವಿವರಿಸಬೇಕಿಲ್ಲ. ಊರೂರು ತಿರುಗಬೇಕು, ತೂಬು, ಏರಿ, ಹೂಳು ನೋಡಬೇಕು, ರೈತರ ದೂರು ಕೇಳಬೇಕು. ಸ್ಯಾಂಡರ್ಸನ್ ಅವರ ಸುತ್ತಾಟದ ಕೊನೆಯ ಹಳ್ಳಿಗಳು ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿದ್ದವು. ಅಲ್ಲಿನ ದೂರುಗಳಲ್ಲಿ ನೀರಿನ ಜೊತೆಗೆ ಆನೆಯೂ ಇತ್ತು. ಬೆಳೆದ ಪೈರು ರಾತ್ರೋರಾತ್ರಿ ಹಿಂಡಿನ ಪಾಲಾಗುತ್ತಿತ್ತು.

ಕಾಡಿನಂಚಿನ ಮೋರ್ಲೆ ಎಂಬಲ್ಲಿ ಅವರು ಒಂದು ಬಂಗಲೆ ಕಟ್ಟಿಕೊಂಡರು. ಅಂದಿನ ಬಿಳಿಯ ಬೇಟೆಗಾರರ ವಾಡಿಕೆಯಂತೆ ದೊಡ್ಡ ಪರಿವಾರದೊಡನೆ ಹೋಗದೆ, ಒಬ್ಬಿಬ್ಬರು ಜಾಡುಗಾರರೊಂದಿಗೆ ಕಾಲ್ನಡಿಗೆಯಲ್ಲಿ ಬೆಟ್ಟ ಹತ್ತುವುದು ಅವರ ರೂಢಿ. ರಾಯಚೂರಿನ ಎರೆ ಬಯಲಲ್ಲಾದರೆ ಚಿಗರಿಗಳ ಹಿಂಡು ಬಹುದೂರದಿಂದಲೇ ಕಾಣುತ್ತದೆ. ಬೆಟ್ಟದ ಕಾಡಿನಲ್ಲಿ ಹಾಗಲ್ಲ. ದಕ್ಷಿಣದ ಇಂಗ್ಲಿಷರು ಎಲ್ಕ್ ಎಂದು ಕರೆಯುತ್ತಿದ್ದ ಕಡವೆಯಾಗಲಿ, ಕಾಟಿಯಾಗಲಿ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರೂ ಹೊಸಬನಿಗೆ ಕಾಣುವುದಿಲ್ಲ. ಬಾಗಿದ ಹುಲ್ಲು, ತುಳಿದ ಎಲೆ, ಲದ್ದಿಯ ಬಿಸಿ, ಗಾಳಿಯ ದಿಕ್ಕು ಇವೇ ಅಲ್ಲಿನ ದಾರಿಸೂಚಕಗಳು. ಇವನ್ನು ಓದಬಲ್ಲವರು ಸೋಲಿಗರು. ದುಭಾಷಿಯ ಹಂಗಿಲ್ಲದೆ ಅವರೊಡನೆ ಮಾತನಾಡುತ್ತಿದ್ದ ಕಾರಣ, ಉಳಿದ ಸಾಹೇಬರಿಗೆ ದಕ್ಕದ ವಿದ್ಯೆ ಸ್ಯಾಂಡರ್ಸನ್ ಅವರಿಗೆ ದಕ್ಕಿತು.

ಆನೆಯ ಮುಂಗಾಲ ಹೆಜ್ಜೆಯ ಸುತ್ತಳತೆಯನ್ನು ಇಮ್ಮಡಿಗೊಳಿಸಿದರೆ ಭುಜದವರೆಗಿನ ಎತ್ತರ ಹೆಚ್ಚುಕಡಿಮೆ ಸಿಗುತ್ತದೆಂಬುದನ್ನು ಅವರು ಅಳೆದು ನೋಡಿ ಬರೆದರು. ಭಾರತದ ಗಂಡಾನೆ 10 ಅಡಿ ದಾಟುವುದೇ ಅಪರೂಪವೆಂದು, ಅದಕ್ಕಿಂತ ಬಹಳ ಎತ್ತರದ ಆನೆಗಳ ಕಥೆಗಳನ್ನು ತಳ್ಳಿಹಾಕಿದರು. ಹಾಗೆಂದು ಅವರನ್ನು ಪ್ರಾಣಿದಯಾಳು ಎನ್ನಲಾಗದು. ಪುಂಡಾನೆಗಳನ್ನೂ ಹುಲಿಗಳನ್ನೂ ಕೊಂದವರು. ಹೆಗಲಿಗೇರಿಸುತ್ತಿದ್ದುದು ನಾಲ್ಕು ಬೋರಿನ ಭಾರೀ ಬಂದೂಕು. ಅಂದರೆ ಒಂದು ಪೌಂಡು ಸೀಸದಲ್ಲಿ ಕೇವಲ ನಾಲ್ಕು ಗುಂಡುಗಳಾಗುವಷ್ಟು ದೊಡ್ಡ ನಳಿಗೆ.

ಕಾಡಿನಲ್ಲಿ ಮೃಗಕ್ಕಿಂತ ದೊಡ್ಡ ಶತ್ರು ಚಳಿಜ್ವರ. ಅದು ಕೆಟ್ಟ ಗಾಳಿಯಿಂದ ಬರುತ್ತದೆಂದೇ ನಂಬಿದ್ದ ಕಾಲವದು. ಕ್ವಿನೈನ್ ಒಂದೇ ಆಸರೆ. ಸೊಳ್ಳೆಯ ಪಾತ್ರವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ತೋರಿಸಿಕೊಟ್ಟಿದ್ದು 1897ರಲ್ಲಿ, ಸ್ಯಾಂಡರ್ಸನ್ ಗತಿಸಿದ ಬಳಿಕ.

ಆನೆಗಳನ್ನು ಕೊಲ್ಲುವ ಬದಲು ಹಿಡಿದರೆ ರೈತರ ಪೈರೂ ಉಳಿಯುತ್ತದೆ, ಸರ್ಕಾರಕ್ಕೂ ಲಾಭ ಎಂಬುದು ಅವರು ಮುಂದಿಟ್ಟ ಯೋಜನೆ. 1873ರಲ್ಲಿ ಒಪ್ಪಿಗೆ ದೊರೆಯಿತು. ನೆರೆಯ ಮದ್ರಾಸ್ ಪ್ರಾಂತ್ಯ ಕಾಡಾನೆಗಳ ರಕ್ಷಣೆಗೆ ಕಾಯ್ದೆ ತಂದದ್ದೂ ಅದೇ ವರ್ಷ. ಆದರೆ ನಂಬಿದವರು ಕಡಿಮೆ. ಹಿಂದೆ ಹೈದರಾಲಿ ಕಾಕನಕೋಟೆಯಲ್ಲಿ ಇದೇ ಸಾಹಸಕ್ಕೆ ಕೈಹಾಕಿ ಸೋತಿದ್ದನೆಂದೂ, ಮತ್ತೆ ಯತ್ನಿಸುವವರಿಗೆ ಶಾಪವನ್ನು ಕಲ್ಲಿನಲ್ಲಿ ಕೆತ್ತಿಸಿದ್ದನೆಂದೂ ಜನ ಹೇಳುತ್ತಿದ್ದರು. ಅಲ್ಲಿಯವರೆಗೆ ಮೈಸೂರಿನಲ್ಲಿ ಬಳಕೆಯಲ್ಲಿದ್ದದ್ದು ಗುಂಡಿ ತೋಡಿ ಆನೆ ಬೀಳಿಸುವ ಪದ್ಧತಿ. ಬಿದ್ದ ಆನೆಗಳಲ್ಲಿ ಎಷ್ಟೋ ಕಾಲು ಮುರಿದುಕೊಂಡು ಸಾಯುತ್ತಿದ್ದವು. ಸ್ಯಾಂಡರ್ಸನ್ ಅದನ್ನು ಕ್ರೂರವೆಂದು ಖಂಡಿಸಿದರು.

ಯೋಜನೆ ವಿಫಲವಾಗಿದ್ದರೆ ಹಣದ ಜೊತೆಗೆ ಹೆಸರೂ ಹೋಗುತ್ತಿತ್ತು. ಬಂಗಾಳದ ಪರಿಣತರು ಕೈಗೆಟುಕುವಂತಿರಲಿಲ್ಲ. ಅವರು ಆರಿಸಿಕೊಂಡದ್ದು ಹೊನ್ನುಹೊಳೆಯ, ಅಂದರೆ ಸುವರ್ಣಾವತಿಯ ದಡದ ಕರಡಿಹಳ್ಳಿ ಪ್ರದೇಶ. ಹಿಂಡು ವಾಡಿಕೆಯಾಗಿ ಓಡಾಡುವ ಜಾಗದಲ್ಲಿ ಆನೆ ದಾಟಲಾಗದ ಕಂದಕ ತೋಡಿಸಿದರು. ನೆಲ ಅಗೆಸುವುದು ಕಾಲುವೆ ಅಧಿಕಾರಿಗೆ ಹೊಸದಲ್ಲವಷ್ಟೆ. ಆಮೇಲಿನದು ಕಾಯುವ ಕೆಲಸ. ಒಪ್ಪಿಗೆಯಿಂದ ಹಿಂಡು ಸಿಗುವವರೆಗೆ ತಿಂಗಳುಗಳೇ ಉರುಳಿದವು. ಕೊನೆಗೆ ಮಳೆಗಾಲದ ಆರಂಭದಲ್ಲಿ ಬಂದ ಹಿಂಡನ್ನು ಹಳ್ಳಿಗರು ಸುತ್ತುವರಿದರು, ರಾತ್ರಿಯಿಡೀ ಬೆಂಕಿ ಉರಿಸಿ ಕಾವಲು ಕಾದರು, ಸದ್ದು ಮಾಡಿ ಒಳಕ್ಕೆ ಅಟ್ಟಿದರು. ಪಳಗಿದ ಆನೆಗಳ ಮೇಲೆ ಒಳಹೊಕ್ಕ ಮಾವುತರು ಕೆಳಗಿಳಿದು, ಕಾಡಾನೆಗಳ ಹಿಂಗಾಲಿಗೆ ಹಗ್ಗ ಬಿಗಿದರು. ಇಡೀ ಕಾರ್ಯದಲ್ಲಿ ಪ್ರಾಣವನ್ನು ನಿಜವಾಗಿ ಪಣಕ್ಕಿಟ್ಟವರು ಅವರೇ. ಸೆರೆಸಿಕ್ಕ ಆನೆಗಳು 55. ಖರ್ಚು ಕಳೆದು ಸರ್ಕಾರಕ್ಕೆ ಲಾಭವೂ ಉಳಿಯಿತು.

ಆ ಯಶಸ್ಸು ಅವರನ್ನು 1875ರಲ್ಲಿ ಢಾಕಾದ ಖೆಡ್ಡಾ ಇಲಾಖೆಗೆ ಕರೆದೊಯ್ದಿತು. ಚಿತ್ತಗಾಂಗ್ ಬೆಟ್ಟಗಳಲ್ಲಿ ಅನುಭವ ಪಡೆದು, 1878ರಲ್ಲಿ ಲಂಡನ್ನಿನಲ್ಲಿ ತಮ್ಮ ಹದಿಮೂರು ವರ್ಷಗಳ ವನ್ಯಾನುಭವದ ಪುಸ್ತಕ ಪ್ರಕಟಿಸಿದರು. ಕಿಪ್ಲಿಂಗ್ ಕಥೆಯ ಪೀಟರ್ಸನ್ ಸಾಹೇಬನಿಗೆ ಇವರೇ ಮಾದರಿ ಎನ್ನಲಾಗುತ್ತದೆ. 1889ರಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಭೇಟಿಯ ವೇಳೆ, ಹೈದರನ ಶಾಪವಿದೆ ಎನ್ನಲಾದ ಅದೇ ಕಾಕನಕೋಟೆಯಲ್ಲಿ ಖೆಡ್ಡಾ ನಡೆಸಿದರು. ಮೂರು ವರ್ಷಗಳ ಬಳಿಕ, 1892ರಲ್ಲಿ ಮದ್ರಾಸಿನಲ್ಲಿ ನಿಧನರಾದರು. ಆಗ ಐವತ್ತೂ ತುಂಬಿರಲಿಲ್ಲ.

ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಖೆಡ್ಡಾ ನಡೆಯುತ್ತಿದ್ದ ನೆಲದ ಬಹುಭಾಗವನ್ನು ಕಬಿನಿ ಜಲಾಶಯದ ಹಿನ್ನೀರು ಆವರಿಸಿತು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಸಾಹೇಬರಿಗೆ ಜಾಡು ಓದಲು ಕಲಿಸಿದ ಸೋಲಿಗರ ಸಮುದಾಯಕ್ಕೆ ಆ ಕಾಡಿನ ಮೇಲೆ ಅರಣ್ಯ ಹಕ್ಕಿನ ಪತ್ರಗಳು ದೊರೆತದ್ದೂ ಅದೇ ವರ್ಷ.